ಹಿಮಾಲಯನ್ 411ಕ್ಕೆ ಅಲ್ಯೂಮಿನಿಯಂ ಸೈಡ್ ಬಾಕ್ಸ್: ಫ್ರೇಮ್ ರೆಡಿಮೇಡ್ ತರಿಸಲಾ, ಬಳ್ಳಾರಿಯಲ್ಲೇ ಮಾಡಿಸಲಾ?

ಬಳ್ಳಾರಿ_411

ಎಲ್ಲರಿಗೂ ನಮಸ್ಕಾರ. ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು, ಬಿಎಸ್6 ಮಾಡೆಲ್. ಇಷ್ಟು ದಿನ ಹಿಂದಿನ ಕ್ಯಾರಿಯರ್ ಮೇಲೆ ಬ್ಯಾಗ್ ಇಟ್ಟು ಹಗ್ಗ ಬಿಗಿದುಕೊಂಡು ಓಡಾಡುತ್ತಿದ್ದೆ, ಒಬ್ಬನೇ ಆದರೆ ಅಷ್ಟು ಸಾಕು. ಈಗ ಮನೆಯವಳನ್ನೂ ಕರೆದುಕೊಂಡು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಗೋಕರ್ಣದ ಕಡೆ ಹೋಗುವ ಪ್ಲಾನ್ ಇದೆ. ಆ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಊಟಕ್ಕೆ ಕೂತರೂ ಕಣ್ಣೆಲ್ಲ ಬ್ಯಾಗಿನ ಮೇಲೇ ಇರುತ್ತದೆ. ಅದಕ್ಕೆ ಬೀಗ ಇರುವ ಅಲ್ಯೂಮಿನಿಯಂ ಡಬ್ಬಿ ಎರಡು ಹಾಕಿಸೋಣ ಅಂತ.

ಡಬ್ಬಿ ಯಾವುದು ಅಂತ ಹೆಚ್ಚು ಕಮ್ಮಿ ತೀರ್ಮಾನ ಆಗಿದೆ. ತಲೆನೋವು ಇರುವುದು ಡಬ್ಬಿ ಹಿಡಿಸುವ ಫ್ರೇಮಿನದು. ಎರಡು ಕಡೆ ಪೈಪು, ನಾಲ್ಕು ಕ್ಲಾಂಪು, ಅದಕ್ಕೆ ಆನ್‌ಲೈನಲ್ಲಿ ಕೇಳುವ ರೇಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಲ್ಲಿ ಪರಿಚಯದ ವೆಲ್ಡಿಂಗ್ ಅಂಗಡಿಯವರು "ಗಾಡಿ ಬಿಟ್ಟು ಹೋಗಿ, ಸಂಜೆಯೊಳಗೆ ಮಾಡಿ ಕೊಡುತ್ತೇನೆ, ಚಾಸಿಗೇ ಹಿಡಿಸಿಬಿಟ್ಟರೆ ಜನ್ಮದಲ್ಲಿ ಅಲುಗಾಡಲ್ಲ" ಅನ್ನುತ್ತಾರೆ. ಮಾಡಿಸಬಹುದಾ? ಇನ್ನೊಂದು, ಸೈಲೆನ್ಸರ್ ಇರುವ ಬಲಗಡೆ ಡಬ್ಬಿಗೆ ಬಿಸಿ ತಾಗುವುದಿಲ್ಲವಾ? ಸೀರೆ ಗಾರ್ಡ್ ಬಿಚ್ಚಲೇಬೇಕಾ?

ತೋರಣಗಲ್ಲು_ಫಿಟ್ಟರ್

ಚಾಸಿಗೆ ವೆಲ್ಡಿಂಗ್ ಬೇಡವೇ ಬೇಡ ಅಣ್ಣ. ನಾನು ದಿನಾ ಇದೇ ಕೆಲಸದಲ್ಲಿ ಇರುವವನು, ವೆಲ್ಡರ್ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ. ಹಿಂದಿನ ಸಬ್‌ಫ್ರೇಮಿನ, ಅಂದರೆ ಸೀಟಿನ ಕೆಳಗೆ ಬರುವ ಚಾಸಿ ಭಾಗದ, ಪೈಪು ತೆಳು. ವೆಲ್ಡಿಂಗ್ ಬಿದ್ದ ಕಡೆ ಗಟ್ಟಿಯಾಗಿಯೇ ಇರುತ್ತದೆ, ಒಡೆಯುವುದು ಅದರ ಪಕ್ಕದಲ್ಲಿ, ಬಿಸಿಗೆ ಗುಣ ಕೆಟ್ಟಿರುವ ಜಾಗದಲ್ಲಿ. ಮೇಲೆ ಪೇಂಟ್ ಹೊಡೆದು ಚಂದ ಮಾಡಿ ಕೊಡುತ್ತಾರೆ, ಪೈಪಿನ ಒಳಗೆ ಸುಟ್ಟು ತುಕ್ಕು ಶುರುವಾಗಿರುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಗಾಡಿ ಒಂದು ಸಲ ಪಕ್ಕಕ್ಕೆ ಬಿತ್ತು ಅಂದುಕೊಳ್ಳಿ. ಬೋಲ್ಟ್ ಫ್ರೇಮ್ ಆದರೆ ಬೋಲ್ಟ್ ಮುರಿಯುತ್ತದೆ, ಇಲ್ಲ ಕ್ಲಾಂಪ್ ಬಗ್ಗುತ್ತದೆ, ಬೇರೆ ಹಾಕಿಕೊಂಡರೆ ಮುಗೀತು. ಚಾಸಿಗೇ ಅಂಟಿಸಿದ್ದರೆ ಆ ಏಟು ಸೀದಾ ಚಾಸಿಗೇ. ಇನ್ಶೂರೆನ್ಸ್ ಸರ್ವೇಯರ್ ಕಣ್ಣಿಗೆ ಬಿದ್ದರೆ ಅದು ಬೇರೆ ರಾಮಾಯಣ.

ಜೊತೆಗೆ ಬಿಎಸ್6 ಗಾಡಿಯಲ್ಲಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಎಬಿಎಸ್, ಸೆನ್ಸರ್ ಎಲ್ಲ ಇವೆ. ಬ್ಯಾಟರಿ ವೈರ್ ಬಿಚ್ಚದೆ ಗಾಡಿ ಮೇಲೇ ಆರ್ಕ್ ವೆಲ್ಡಿಂಗ್ ಹೊಡೆದರೆ ಕರೆಂಟ್ ಯಾವ ದಾರಿ ಹಿಡಿಯುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ.

ಹಾಗಂತ ಊರಲ್ಲೇ ಮಾಡಿಸಬಾರದು ಅಂತ ಅಲ್ಲ. ಮೈನಿಂಗ್ ಗಾಡಿ ರಿಪೇರಿ ಮಾಡಿದ ಕೈಗಳು ನಮ್ಮ ಕಡೆ ಬೇಕಾದಷ್ಟಿವೆ, ಹೇಳಿ ಮಾಡಿಸಬೇಕು ಅಷ್ಟೆ. ಕಂಪನಿಯೇ ಕೊಟ್ಟಿರುವ ಬೋಲ್ಟ್ ಜಾಗಗಳನ್ನೇ ಬಳಸಿ: ಹಿಂದಿನ ಫುಟ್‌ರೆಸ್ಟ್ ಬ್ರಾಕೆಟ್ ಒಂದು, ಮೇಲಿನ ಕ್ಯಾರಿಯರ್ ಬೋಲ್ಟ್ ಒಂದು, ಬಾಲದ ಕಡೆ ಒಂದು. ಒಂದೊಂದು ಬದಿಗೂ ಮೂರು ಕಡೆ ಹಿಡಿತ ಸಿಗಬೇಕು. 18 ಎಂಎಂ ಪೈಪ್, 2 ಎಂಎಂ ದಪ್ಪ, ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಸುಮ್ನೆ ಭಾರ. ಬಗ್ಗಿಸಿದ ಮೂಲೆಯ ಮೇಲೆ ವೆಲ್ಡಿಂಗ್ ಬರಬಾರದು. ಗಾಡಿ ಮೇಲೆ ಇಟ್ಟು ಅಳತೆ ಗುರುತು ಮಾಡಿಕೊಂಡು, ಬಿಚ್ಚಿ ಟೇಬಲ್ ಮೇಲೆ ಬೆಸುಗೆ ಹಾಕಲಿ. ಎಲ್ಲಕ್ಕಿಂತ ಮುಖ್ಯ, ಎಡದ ಫ್ರೇಮನ್ನೂ ಬಲದ ಫ್ರೇಮನ್ನೂ ನಂಬರ್ ಪ್ಲೇಟ್ ಹಿಂದೆ ಅಡ್ಡ ಪಟ್ಟಿ ಹಾಕಿ ಸೇರಿಸಬೇಕು. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಭಾರ ತುಂಬಿದಾಗ ಎರಡೂ ಫ್ರೇಮ್ ಒಳಗಡೆಗೆ ಮಡಚಿಕೊಳ್ಳುತ್ತಾ ಟೈರ್ ಕಡೆ ಬರುತ್ತವೆ.

ರೇಟಿನ ವಿಷಯ. ಉಳಿಸುವುದಿದ್ದರೆ ಡಬ್ಬಿಯಲ್ಲಿ ಉಳಿಸಿ, ಫ್ರೇಮಿನಲ್ಲಿ ಉಳಿಸಬೇಡಿ. ಡಬ್ಬಿ ಸೊಟ್ಟಗಾದರೆ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಬಹುದು.

ರಾಯಚೂರು_ಮಣ್ಣುದಾರಿ

ಎಲ್ಲರೂ ಫ್ರೇಮ್ ಬಗ್ಗೆಯೇ ಮಾತಾಡುತ್ತಿದ್ದೀರಿ, ಗಟ್ಟಿ ಡಬ್ಬಿ ಬೇಕಾ ಅಂತ ಯಾರೂ ಕೇಳುತ್ತಿಲ್ಲ. ನಮ್ಮ ಕಡೆ ಎರೆ ಮಣ್ಣಿನ ದಾರಿಯಲ್ಲಿ ಒಂದು ಮಳೆ ಆದ ಮೇಲೆ ಓಡಿಸಿ ನೋಡಿ. ಗಾಡಿ ಜಾರಿದಾಗ ಕಾಲು ಕೆಳಗೆ ಊರುವುದು ತನ್ನಿಂದ ತಾನೇ ಆಗುವ ಕೆಲಸ, ಗಾಡಿ ಮುಂದಕ್ಕೆ ಸರಿಯುತ್ತಿರುತ್ತದೆ, ಹಿಂದಿನಿಂದ ಡಬ್ಬಿಯ ಅಂಚು ಬಂದು ಮೀನಖಂಡಕ್ಕೆ ಹೊಡೆಯುತ್ತದೆ. ಬಟ್ಟೆ ಬ್ಯಾಗ್ ಆದರೆ ಒತ್ತಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಡಬ್ಬಿ ಖಾಲಿ ಇದ್ದಾಗಲೇ ಒಂದೊಂದು ನಾಲ್ಕೈದು ಕೆಜಿ, ಮೇಲೆ ಫ್ರೇಮಿನ ಭಾರ ಬೇರೆ. ಹಿಮಾಲಯನ್ ಮೊದಲೇ ಹಗುರ ಗಾಡಿ ಅಲ್ಲ, 24 ಚಿಲ್ಲರೆ ಎಚ್‌ಪಿ ಇಂಜಿನ್ ಪಾಪ ಎಷ್ಟು ಅಂತ ಎಳೆಯಬೇಕು?

ತೋರಣಗಲ್ಲು_ಫಿಟ್ಟರ್

ಅವರು ಹೊಲದ ದಾರಿಯಲ್ಲಿ ಹೋಗುತ್ತಿಲ್ಲ ಗುರು, ಗೋಕರ್ಣಕ್ಕೆ ಹೋಗುತ್ತಿದ್ದಾರೆ. ಹೈವೇ, ಮಳೆ, ಬೀಗ. ಮೂರಕ್ಕೂ ಡಬ್ಬಿಯೇ ಸರಿ. ಮಣ್ಣು ದಾರಿಗೆ ನೀವು ಹೇಳಿದ್ದು ನಿಜ, ಅದಕ್ಕೆ ನನ್ನದು ತಕರಾರು ಇಲ್ಲ.

ಸಿಂಧನೂರು_ಹಿಂದಿನಸೀಟು

ನಾನು ಓಡಿಸುವವಳಲ್ಲ, ಹಿಂದೆ ಕೂರುವವಳು. ಎಲ್ಲ ಅಳತೆ ಮಾಡುತ್ತೀರಿ, ಹಿಂದೆ ಕೂತವರ ಕಾಲಿನ ಅಳತೆ ಮಾತ್ರ ಯಾರೂ ತಗೊಳ್ಳುವುದಿಲ್ಲ ಅಲ್ವಾ. ಫ್ರೇಮ್ ಬಿಗಿ ಮಾಡುವ ಮುಂಚೆ ಡಬ್ಬಿ ನೇತುಹಾಕಿ, ನಿಮ್ಮವರನ್ನು ಶೂ ಹಾಕಿಸಿ ಕೂರಿಸಿ ನೋಡಿ. ಹಿಮ್ಮಡಿ ಡಬ್ಬಿಗೆ ತಾಗುತ್ತಿದ್ದರೆ ಅವರು ದಾರಿಯುದ್ದಕ್ಕೂ ಬೆರಳ ತುದಿಯಲ್ಲಿ ಕಾಲಿಟ್ಟುಕೊಂಡು ಕೂರಬೇಕಾಗುತ್ತದೆ. ಹುಬ್ಬಳ್ಳಿ ಬರುವಷ್ಟರಲ್ಲಿ ಮಂಡಿ ಹಿಡಿದಿರುತ್ತದೆ, ಆಮೇಲೆ ಬೈಸಿಕೊಳ್ಳುವುದು ನೀವೇ. ಫ್ರೇಮನ್ನು ಹಿಂದಕ್ಕೆ ಸರಿಸಿದರೆ ಕಾಲಿಗೆ ಜಾಗ ಸಿಗುತ್ತದೆ, ಆದರೆ ಭಾರ ಹಿಂದಕ್ಕೆ ಹೋಗುತ್ತದೆ ಅಂತ ನಮ್ಮ ಮನೆಯವರು ಹೇಳುತ್ತಾರೆ. ಹಾಗಾಗಿ ಎಷ್ಟು ಬೇಕೋ ಅಷ್ಟೇ ಸರಿಸಿ.

ಹತ್ತುವುದು ಇಳಿಯುವುದು ಕೂಡ ಬೇರೆ ಆಗುತ್ತದೆ. ಕಾಲು ಬೀಸಿ ಹತ್ತುವುದಕ್ಕೆ ಆಗುವುದಿಲ್ಲ, ಡಬ್ಬಿ ಅಡ್ಡ. ಓಡಿಸುವವರು ಮೊದಲು ಕೂತು ಎರಡೂ ಕಾಲು ಊರಿ ಗಾಡಿ ಗಟ್ಟಿಯಾಗಿ ಹಿಡಿಯಬೇಕು, ನಾವು ಎಡಗಡೆ ಫುಟ್‌ರೆಸ್ಟ್ ಮೇಲೆ ನಿಂತು ಹತ್ತಬೇಕು.

ಸೀರೆ ಗಾರ್ಡ್ ಬಗ್ಗೆ. ಫ್ರೇಮ್ ಹಾಕುವಾಗ ಸಾಮಾನ್ಯವಾಗಿ ಅದನ್ನು ಬಿಚ್ಚಬೇಕಾಗುತ್ತದೆ. ಡಬ್ಬಿ ಇದ್ದಾಗ ಚಕ್ರ ಮುಚ್ಚಿರುತ್ತದೆ, ಡಬ್ಬಿ ತೆಗೆದಿಟ್ಟು ಪೇಟೆಗೆ ಹೋದಾಗ ಏನು ಮಾಡುತ್ತೀರಿ? ಸೆರಗು, ವೇಲು ಚಕ್ರಕ್ಕೆ ಸಿಗುವುದು ಒಂದು ಕ್ಷಣದ ಕೆಲಸ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರವೂ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಲೇಬೇಕು, ಹಿಂದೆ ಕೂರುವವರಿಗೆ ಹಿಡಿಕೆ ಮತ್ತು ಫುಟ್‌ರೆಸ್ಟ್ ಕೂಡ. ಎಡಗಡೆ ಫ್ರೇಮಿಗೇ ಒಂದು ಜಾಲರಿ ತುಂಡು ಬೋಲ್ಟ್ ಹಾಕಿಸಿಕೊಳ್ಳಿ.

ಬಳ್ಳಾರಿ_411

ಅಕ್ಕಾ, ಕಾಲಿನ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಜಾಲರಿ ಖಂಡಿತ ಹಾಕಿಸುತ್ತೇನೆ. ವೆಲ್ಡಿಂಗ್ ಐಡಿಯಾ ಕೈಬಿಟ್ಟೆ, ಬೋಲ್ಟ್ ಫ್ರೇಮೇ ತರಿಸುತ್ತೇನೆ. ನಾನೇ ಕೂರಿಸಬಹುದಾ, ಇಲ್ಲ ಮೆಕ್ಯಾನಿಕ್ ಬೇಕಾ? ಸೈಲೆನ್ಸರ್ ಬಿಸಿಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಕೊಪ್ಪಳ_ಹೆದ್ದಾರಿ67

ನಮ್ಮ ಊರಿನ ಮೇಲೇ ಹೋಗುತ್ತೀರಿ, ಬನ್ನಿ, ಮಿರ್ಚಿ ಮಂಡಾಳು ತಿಂದು ಮುಂದೆ ಹೋಗುವಿರಂತೆ.

ನೀವೇ ಮಾಡಬಹುದು. ಪಾನಾ, ಅಲೆನ್ ಕೀ ಸೆಟ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ. ಮೊದಲಿಗೆ ಯಾವ ಬೋಲ್ಟೂ ಬಿಗಿ ಮಾಡಬೇಡಿ, ಎಲ್ಲವನ್ನೂ ಕೈಯಲ್ಲೇ ನಾಲ್ಕು ಸುತ್ತು ಹತ್ತಿಸಿ ಬಿಡಿ. ಒಂದನ್ನು ಪೂರ್ತಿ ಬಿಗಿದರೆ ಎದುರಿನ ತೂತು ಹೊಂದುವುದೇ ಇಲ್ಲ. ಆಗ ಜನ ಏನು ಮಾಡುತ್ತಾರೆ ಅಂದರೆ ಫ್ರೇಮನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಬೋಲ್ಟ್ ತೂರಿಸುತ್ತಾರೆ. ಹಾಗೆ ಒತ್ತಿ ಕೂರಿಸಿದ ಫ್ರೇಮ್ ಯಾವಾಗಲೂ ಬಿಗಿತದಲ್ಲೇ ಇರುತ್ತದೆ, ಗುಂಡಿ ರೋಡಿನಲ್ಲಿ ಅದೇ ಬೋಲ್ಟ್ ಮೊದಲು ತುಂಡಾಗುತ್ತದೆ. ಸಂದು ಉಳಿದರೆ ವಾಶರ್ ಕೊಟ್ಟು ತುಂಬಿಸಿ. ಎಲ್ಲ ಹೊಂದಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡುತ್ತಾ ಬನ್ನಿ. ಬೋಲ್ಟಿಗೆ ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲ ಆಗದಂತೆ ಹಿಡಿಯುವ ಅಂಟು) ಒಂದು ಹನಿ, ಇಲ್ಲ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್. ಕೆಂಪು ಲಾಕ್‌ಟೈಟ್ ಹಾಕಬೇಡಿ, ಬಿಚ್ಚುವಾಗ ಅಳುತ್ತೀರಿ. ಬಿಗಿದ ಮೇಲೆ ಬೋಲ್ಟ್ ತಲೆಯಿಂದ ಫ್ರೇಮಿನವರೆಗೆ ಬಿಳಿ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಬೆಳಿಗ್ಗೆ ಗಾಡಿ ತೆಗೆಯುವಾಗ ಬಗ್ಗಿ ನೋಡಿದರೆ ಸಾಕು, ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಗೊತ್ತಾಗುತ್ತದೆ. ಹೊಸದಾಗಿ ಕೂರಿಸಿದ್ದನ್ನು ನೂರಿನ್ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಪಾನಾ ತಾಗಿಸಿ ನೋಡಲೇಬೇಕು. ಈ ಕೆಲಸ ಊರಲ್ಲೇ ಮುಗಿಸಿ.

ಸೈಲೆನ್ಸರ್: ನಿಮ್ಮ ಗಾಡಿಯಲ್ಲಿ ಅದು ಬಲಗಡೆ ಮೇಲಕ್ಕೆ ಎದ್ದಿದೆ. ಅದಕ್ಕೇ ಬಲಗಡೆ ಫ್ರೇಮ್ ಇನ್ನಷ್ಟು ಹೊರಗೆ ಚಾಚಿರುತ್ತದೆ, ಇಲ್ಲ ಆ ಕಡೆಯ ಡಬ್ಬಿ ಒಳಗಡೆ ಕತ್ತರಿಸಿ ಚಿಕ್ಕದಾಗಿರುತ್ತದೆ. ಅಲ್ಯೂಮಿನಿಯಂ ಬಿಸಿಗೆ ಕರಗುವುದಿಲ್ಲ, ಒಳಗಿನ ಸಾಮಾನು ಮಾತ್ರ ಬಿಸಿ ಆಗುತ್ತದೆ. ಎರಡು ಬೆರಳು ಸಂದು ಇರಲಿ, ಔಷಧಿ, ಪವರ್ ಬ್ಯಾಂಕ್ ಎಡಗಡೆ ಇಡಿ. ಏಪ್ರಿಲ್ ಮೇ ಬಿಸಿಲಲ್ಲಿ ನಮ್ಮ ಕಡೆ ನಿಲ್ಲಿಸಿದ ಗಾಡಿ ಆದರೆ ಎಡಗಡೆಯೂ ಬೇಡ, ಕೈಯಲ್ಲೇ ಇಟ್ಟುಕೊಳ್ಳಿ. ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಜೋರಾಗಿ ಕುಲುಕಿಸಿ, ನೀವು ಕೆಳಗೆ ಕೂತು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಕ್ಕೆ ಬಂದಾಗ ಫ್ರೇಮಿಗಾಗಲಿ ಡಬ್ಬಿಗಾಗಲಿ ತಾಗುತ್ತಾ ನೋಡಿ. ಇಂಡಿಕೇಟರ್ ಹಿಂದಿನಿಂದ ಕಾಣುತ್ತಿದೆಯಾ ಅದನ್ನೂ ನೋಡಿ, ಮುಚ್ಚಿದ್ದರೆ ಹೊರಗೆ ತರಬೇಕು.

ಇನ್ನು ತುಂಬುವುದು. ಬೈಕ್ ಡಬ್ಬಿ ಮಾಡುವ ಗಿವಿಯಂಥ ಕಂಪನಿಗಳೇ ಒಂದು ಸೈಡ್ ಕೇಸಿಗೆ 10 ಕೆಜಿ ಮಿತಿ ಹೇಳುತ್ತವೆ. ಡಬ್ಬಿ ದೊಡ್ಡದಿದೆ ಅಂತ ತುಂಬುತ್ತಾ ಹೋಗಬೇಡಿ. ಎಡ ಬಲ ಎರಡನ್ನೂ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿ. ಬಲಗಡೆ ಡಬ್ಬಿ ಚಿಕ್ಕದಿದ್ದರೆ ಟೂಲ್ ಕಿಟ್, ಟ್ಯೂಬು ಅಲ್ಲಿ ಹೋಗಲಿ, ಬಟ್ಟೆ, ಚೈನ್ ಲ್ಯೂಬ್ ಎಡಗಡೆ. ಭಾರದ್ದು ತಳದಲ್ಲಿ, ಸೀಟಿನ ಕಡೆಗೆ. ಹಿಂದಿನ ಶಾಕ್ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಒಂದೆರಡು ಮೆಟ್ಟಿಲು ಹೆಚ್ಚಿಸಿ, ಇಲ್ಲದಿದ್ದರೆ ಹೆಡ್‌ಲೈಟ್ ಮರದ ತುದಿ ನೋಡುತ್ತದೆ. ಟೈರ್ ಗಾಳಿ ಮ್ಯಾನುಯಲ್‌ನಲ್ಲಿ ಇಬ್ಬರಿಗೆ ಅಂತ ಎಷ್ಟು ಬರೆದಿದ್ದಾರೋ ಅಷ್ಟು.

ಒಂದು ಮಾತು. ಹಿಮಾಲಯನ್ ಹ್ಯಾಂಡಲ್ ಹತ್ತಿರ 840 ಎಂಎಂ ಅಗಲ, ಡಬ್ಬಿ ಕೂತರೆ ಹಿಂಭಾಗ ಒಂದು ಮೀಟರ್ ಹತ್ತಿರ ಆಗಬಹುದು. ಹ್ಯಾಂಡಲ್ ಹೋದ ಸಂದಿಯಲ್ಲಿ ಗಾಡಿ ಹೋಗುತ್ತದೆ ಅನ್ನುವ ಲೆಕ್ಕ ಇನ್ನು ಮೇಲೆ ನಡೆಯುವುದಿಲ್ಲ. ಅದಿರು ಟಿಪ್ಪರ್ ಪಕ್ಕದಲ್ಲಿ ತೂರುವುದಂತೂ ಬೇಡ. ಅವು ಎದುರಿನಿಂದ ಬಂದಾಗ ಗಾಳಿ ಡಬ್ಬಿಗೆ ಹೊಡೆದು ಗಾಡಿ ಒಂದು ಸಲ ಅಲುಗುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿದು ಹೋರಾಡಬೇಡಿ, ಕೈ ಸಡಿಲ ಬಿಡಿ. 80ರಲ್ಲೇ ಹೋಗಿ.

ಬಳ್ಳಾರಿ_411

ಭಾನುವಾರ ಟೇಪ್ ಹಿಡಿದು ಕೂರುತ್ತೇನೆ. ಕೊನೆಯದಾಗಿ, ಅಲ್ಯೂಮಿನಿಯಂ ಒಳಗೆ ಬಟ್ಟೆ ಇಟ್ಟರೆ ಕಪ್ಪು ಕಪ್ಪು ಹತ್ತುತ್ತದೆ ಅಂತಾರೆ, ನಿಜವಾ? ಕೆಂಪು ಧೂಳಿಗೆ ಬೀಗ ಹಿಡಿದುಕೊಂಡರೆ?

ತೋರಣಗಲ್ಲು_ಫಿಟ್ಟರ್

ನಿಜ. ಒಳಗಡೆ ಪೌಡರ್ ಕೋಟ್ ಇಲ್ಲದ ಡಬ್ಬಿ ಆದರೆ ಬಟ್ಟೆ ಉಜ್ಜಿ ಉಜ್ಜಿ ಬೂದಿ ಬಣ್ಣ ಹತ್ತುತ್ತದೆ, ಬಿಳಿ ಪಂಚೆ ಆದರೆ ಮುಗಿದೇ ಹೋಯಿತು. ಒಳಬ್ಯಾಗ್ ಆನ್‌ಲೈನಲ್ಲಿ ತರಿಸಬೇಡಿ. ಜೀನ್ಸ್ ಹೊಲಿಯುವ ಊರಲ್ಲಿ ಇದ್ದೀರಿ, ಡಬ್ಬಿಯ ಒಳ ಅಳತೆ ಕೊಟ್ಟರೆ ಎರಡು ಚೀಲ ಹೊಲಿದು ಕೊಡುತ್ತಾರೆ. ರೇನ್‌ಕೋಟ್ ಬಟ್ಟೆಯಲ್ಲಿ ಹೊಲಿಸಿ, ಮೇಲೆ ಹಿಡಿಕೆ ಇಡಿಸಿ. ಲಾಡ್ಜ್ ಬಂದಾಗ ಡಬ್ಬಿ ಬಿಚ್ಚುವ ಗೋಜೇ ಇಲ್ಲ, ಚೀಲ ಎತ್ತಿಕೊಂಡು ಒಳಗೆ ಹೋಗಬಹುದು.

ಬೀಗಕ್ಕೆ ಎಣ್ಣೆ ಬಿಡಬೇಡಿ. ಅದಿರಿನ ಧೂಳು ಎಣ್ಣೆಗೆ ಕೂತು ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಸಿಗುತ್ತದೆ, ಅದನ್ನು ಊದಿ. ಮುಚ್ಚಳದ ರಬ್ಬರ್ ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಿ, ಅದರ ಮೇಲೆ ಧೂಳು ಕೂತರೆ ಮುಚ್ಚಳ ಸರಿ ಕೂರುವುದಿಲ್ಲ, ಅರಬೈಲಲ್ಲಿ ನೀರು ಒಳಗೆ ಬರುತ್ತದೆ. ಕೀಲಿ ಮೇಲೆ ನಂಬರ್ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ, ಇನ್ನೊಂದು ಕೀಲಿ ಮನೆಯವರ ಪರ್ಸಿನಲ್ಲಿ ಇರಲಿ. ಡಬ್ಬಿಯೊಳಗೇ ಇಡಬೇಡಿ ಮತ್ತೆ, ಹಾಗೆ ಮಾಡಿದವರ ಬೀಗ ನಾನು ಗ್ರೈಂಡರ್ ಹಾಕಿ ಕತ್ತರಿಸಿ ಕೊಟ್ಟಿದ್ದೇನೆ.