ಟ್ಯಾಕ್ಸ್ ಕ್ಲಾಸ್ 5, ಅರ್ಧ ದಿನದ ಕೆಲಸ: ಹೋಗಲಾ, ಬೇಡ್ವಾ?

ಹೆಸರು ಬೇಡ (ಮ್ಯೂನಿಕ್ ಹತ್ತಿರ)

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಕನ್ನಡಿಗರ ಈ ಗುಂಪಿನಲ್ಲಿ ನಮ್ಮ ಪರಿಚಯದವರು ಜಾಸ್ತಿ, ಅದಕ್ಕೆ ಅಡ್ಮಿನ್‌ಗೆ ಹೇಳಿ ಹೆಸರಿಲ್ಲದೆ ಹಾಕಿಸಿದ್ದೇನೆ.

ನಾನು ತುಮಕೂರು ಕಡೆಯವಳು. ಬೆಂಗಳೂರಿನಲ್ಲಿ ಏಳು ವರ್ಷ ಟೆಸ್ಟಿಂಗ್ ಕೆಲಸ ಮಾಡಿದ್ದೆ. ಮದುವೆಯಾಗಿ 2021ರಲ್ಲಿ ಜರ್ಮನಿಗೆ ಬಂದೆ. ಇವರದು ಬ್ಲೂ ಕಾರ್ಡ್ (ಓದಿದವರಿಗೆ ಕೊಡುವ ಕೆಲಸದ ವೀಸಾ), ಹಾಗಾಗಿ ನನಗೂ ಬಂದ ದಿನದಿಂದಲೇ ಕೆಲಸ ಮಾಡಲು ಅನುಮತಿ ಇತ್ತು. ಆದರೆ ಮೊದಲು ಭಾಷೆ ಬರಲಿಲ್ಲ, ಆಮೇಲೆ ಮಗು ಬಂತು. ಇಲ್ಲೇ ಹುಟ್ಟಿದ ಮಗನಿಗೆ ಈಗ ಎರಡೂವರೆ. ಸೆಪ್ಟೆಂಬರ್‌ನಿಂದ ಕಿಟಾ (ಮಕ್ಕಳ ಡೇಕೇರ್) ಸಿಕ್ಕಿದೆ.

ಈಗ ವಾರಕ್ಕೆ 20 ಗಂಟೆಯ ಕೆಲಸವೊಂದು ಸಿಕ್ಕಿದೆ. ತಿಂಗಳಿಗೆ 2,000 ಯೂರೋ. ಖುಷಿಯಲ್ಲಿ ಇವರಿಗೆ ಹೇಳಿದೆ. ಇವರು ಫೋನಿನಲ್ಲೇ ಲೆಕ್ಕ ಹಾಕಿ ತೋರಿಸಿದರು. ಟ್ಯಾಕ್ಸ್‌ನಲ್ಲಿ ಇವರದು ಕ್ಲಾಸ್ 3 (ಕಡಿಮೆ ಹಿಡಿಯುತ್ತಾರೆ), ನನ್ನದು ಕ್ಲಾಸ್ 5 (ಜಾಸ್ತಿ ಹಿಡಿಯುತ್ತಾರೆ). ಕೈಗೆ ಬರುವುದು 1,200ರ ಹತ್ತಿರ. ಅದರಲ್ಲಿ ಕಿಟಾ ಫೀಸು, ತಿಂಗಳ ಬಸ್ಸು-ಟ್ರೈನಿನ ಡಾಯ್ಚ್‌ಲಾಂಡ್ ಟಿಕೆಟ್ ಎಲ್ಲ ಕಳೆದು, “ಇಷ್ಟಕ್ಕೆ ಯಾಕೆ ಒದ್ದಾಡ್ತೀಯ, ಆರಾಮಾಗಿರು” ಅಂದರು. ಬೈದು ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ.

ಮೊದಲು ಪ್ರತಿ ತಿಂಗಳು ಅಪ್ಪನ ಖಾತೆಗೆ 10 ಸಾವಿರ ಹಾಕುತ್ತಿದ್ದೆ. ಹೋದ ತಿಂಗಳು ಅಪ್ಪನಿಗೆ ಕಣ್ಣಿನ ಪೊರೆ ಆಪರೇಶನ್ ಆಯಿತು. ದುಡ್ಡು ಕಳಿಸುವ ಆ್ಯಪ್ ಇವರ ಫೋನಲ್ಲಿದೆ. ಇವರು ಒಳಗೆ ಮೀಟಿಂಗ್‌ನಲ್ಲಿದ್ದರು. ನಾನು ಬಾಗಿಲ ಹೊರಗೆ ನಿಂತು ಕಾದೆ. ಬಾಗಿಲು ತೆಗೆದಾಗ ನನ್ನ ಬಾಯಿಗೆ ಬಂದದ್ದು “ಟೀ ಬೇಕಾ?” ಅಂತ. ದುಡ್ಡಿನ ವಿಷಯ ಎತ್ತುವಷ್ಟರಲ್ಲಿ ಸಂಜೆಯಾಗಿತ್ತು. ಕೇಳಿದ ತಕ್ಷಣ ಕಳಿಸಿದರು, ಯಾಕೆ ಅಂತಲೂ ಕೇಳಲಿಲ್ಲ. ಆದರೂ ಆವತ್ತಿನಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿದೆ. ಎದೆ ಡವಡವ ಅನ್ನುತ್ತೆ. ಇದನ್ನು ಬಿಟ್ಟರೆ ಇನ್ನೊಂದು ಕೆಲಸ ಸಿಗುತ್ತಾ? ನಾಲ್ಕು ವರ್ಷದ ಗ್ಯಾಪ್ ಐದಾದರೆ ಯಾರು ಕರೆಯುತ್ತಾರೆ? ಎರಡನೇ ಮಗುವಿನ ಯೋಚನೆ ಬೇರೆ ಇದೆ.

ಹತ್ತು ದಿನದಲ್ಲಿ ಉತ್ತರ ಕೊಡಬೇಕು. ಯಾರಾದರೂ ಕ್ಲಾಸ್ 5ರಲ್ಲಿ ಕೆಲಸಕ್ಕೆ ಹೋಗಿದ್ದೀರಾ? ಲೆಕ್ಕ ಹೇಗೆ ನೋಡಿದಿರಿ?

ಶಿರಸಿ ಹುಡುಗ (ಸ್ಟುಟ್‌ಗಾರ್ಟ್)

ಜರ್ಮನ್ ಭಾಷೆಯ ಬಿ2 ಪರೀಕ್ಷೆ ಆಗಿದೆಯಾ ಮೇಡಂ? ಆಗಿಲ್ಲದಿದ್ದರೆ ಮೊದಲು ಬಿ2 ಮಾಡಿ. ಬಿ2 ಇದ್ದರೆ ಇದಕ್ಕಿಂತ ಒಳ್ಳೆಯ ಕೆಲಸ ತಾನಾಗಿ ಸಿಗುತ್ತೆ.

ಕೋಲಾರದ ಚಿನ್ನ (ಬರ್ಲಿನ್)

ಕಿಟಾಗೆ ಫೀಸಾ? ನಮ್ಮ ಬರ್ಲಿನ್‌ನಲ್ಲಿ 2018ರಿಂದ ಫ್ರೀ. ಊಟಕ್ಕೆ ಮಾತ್ರ ಸ್ವಲ್ಪ ಕೊಡಬೇಕು. ಬವೇರಿಯಾದವರು ಸಂಬಳ ಜಾಸ್ತಿ ಅಂತ ಹೋಗ್ತೀರಿ, ಬಾಡಿಗೆಗೂ ಕಿಟಾಗೂ ಸುರಿದು ಬರ್ತೀರಿ. 😀

ಸುಮ್ನೆ ಓದೋಳು

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ನೀವು ನೋಡಿದ ಲೆಕ್ಕವೇ ತಪ್ಪು. ಮೂರು ವರ್ಷ ನಾನೂ ಹಾಗೇ ನೋಡಿ ಮೋಸ ಹೋಗಿದ್ದೆ.

ಕ್ಲಾಸ್ 3, ಕ್ಲಾಸ್ 5 ಅನ್ನೋದು ತಿಂಗಳು ತಿಂಗಳು ಯಾರ ಸಂಬಳದಲ್ಲಿ ಎಷ್ಟು ಹಿಡಿಯಬೇಕು ಅನ್ನುವುದಕ್ಕೆ ಮಾತ್ರ. ತೆರಿಗೆ ಇಲ್ಲದೆ ಬಿಡುವ ಮೊತ್ತ ಒಬ್ಬೊಬ್ಬರಿಗೆ ವರ್ಷಕ್ಕೆ 12,096 ಯೂರೋ ಇತ್ತು (2025ರಲ್ಲಿ). 3/5 ಅಂದರೆ ನಿಮ್ಮ ಪಾಲಿನದನ್ನೂ ಅವರ ಸಂಬಳಕ್ಕೇ ಹಾಕಿಬಿಡುತ್ತಾರೆ. ಅದಕ್ಕೇ ಅವರದು ದಪ್ಪ ಕಾಣುತ್ತೆ, ನಿಮ್ಮದು ಸಣ್ಣ ಕಾಣುತ್ತೆ. ಮುಂದಿನ ವರ್ಷ ಜಂಟಿ ರಿಟರ್ನ್ ಹಾಕಿದಾಗ ಮನೆಯ ಒಟ್ಟು ತೆರಿಗೆ ಒಂದೇ. ಕ್ಲಾಸ್ ಯಾವುದಿದ್ದರೂ ಒಂದೇ. 3/5 ಇದ್ದವರು ರಿಟರ್ನ್ ಹಾಕಲೇಬೇಕು. 4/4 (ಇಬ್ಬರಿಗೂ ಕ್ಲಾಸ್ 4) ಮಾಡಿಕೊಂಡರೆ ಅದೇ 2,000ಕ್ಕೆ ನಿಮ್ಮ ಕೈಗೆ 1,400ರ ಮೇಲೆ ಬರುತ್ತೆ. ಅವರದು ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತೆ. ಹೆಚ್ಚಾಗಿ ಹಿಡಿದದ್ದು ರಿಟರ್ನ್‌ನಲ್ಲಿ ವಾಪಸ್ ಬರುತ್ತೆ.

ಎರಡನೇ ಮಗುವಿನ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ. ಎಲ್ಟರ್ನ್‌ಗೆಲ್ಡ್ (ಮಗು ಹುಟ್ಟಿದ ಮೇಲೆ ಮನೆಯಲ್ಲಿರುವ ತಂದೆ ತಾಯಿಗೆ ಸರ್ಕಾರದ ದುಡ್ಡು) ಕೊಡುವುದು ನಿಮ್ಮ ಕೈಗೆ ಬರುವ ಸಂಬಳ ನೋಡಿ, ಸುಮಾರು ಮೂರರಲ್ಲಿ ಎರಡು ಭಾಗ. ಕೆಲಸವೇ ಇಲ್ಲದಿದ್ದರೆ 300 ಯೂರೋ, ಅಷ್ಟೇ. ಕ್ಲಾಸ್ ಬದಲಿಸಿದ್ದು ಲೆಕ್ಕಕ್ಕೆ ಬರಬೇಕಾದರೆ ಹೆರಿಗೆ ರಜೆ ಶುರುವಾಗುವ ತಿಂಗಳಿಗೆ ಕನಿಷ್ಠ ಏಳು ತಿಂಗಳು ಮೊದಲೇ ಬದಲಾಗಿರಬೇಕು. ಮುಂದೆ ಕೆಲಸ ಹೋದರೆ ಸಿಗುವ ದುಡ್ಡನ್ನೂ ಹೀಗೇ ಕೈಗೆ ಬರುವ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ.

ಇನ್ನೊಂದು, ಕಿಟಾ ಫೀಸನ್ನು ನಿಮ್ಮ ಸಂಬಳದಲ್ಲೇ ಯಾಕೆ ಕಳೆದರು? ಮಗು ಇಬ್ಬರದೂ ಅಲ್ವಾ?

ಫ್ರಾಂಕ್‌ಫರ್ಟ್ ರಾಯರು

ತಂಗಿ, ಅನುಭವದ ಮೇಲೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾವು 2001ರಲ್ಲಿ, ಐಟಿಯವರಿಗೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಸ್ಕೀಮಿನಲ್ಲಿ ಬಂದವರು. ಆಗ ಇಂಡಿಯನ್ ಅಂಗಡಿಗೆ ಹೋಗಬೇಕೆಂದರೆ ಒಂದು ಗಂಟೆ ಟ್ರೈನು. ತೊಗರಿ ಬೇಳೆಯನ್ನು ಚಿನ್ನದ ಹಾಗೆ ಅಳೆದು ಹಾಕುತ್ತಿದ್ದೆವು. ನಮ್ಮನೆಯವಳು ಎಂ.ಎಸ್ಸಿ. ಕೆಮಿಸ್ಟ್ರಿ, ಯೂನಿವರ್ಸಿಟಿಗೆ ಎರಡನೇ ರ‍್ಯಾಂಕ್. ಹದಿನಾಲ್ಕು ವರ್ಷ ಮನೆಯಲ್ಲಿದ್ದು ಮಕ್ಕಳನ್ನು ಬೆಳೆಸಿದಳು. ಇಬ್ಬರೂ ಗಿಮ್ನಾಸಿಯಂ (ಯೂನಿವರ್ಸಿಟಿಗೆ ದಾರಿಯಾಗುವ ಹೈಸ್ಕೂಲು). ದೊಡ್ಡವನು ಆಹೆನ್‌ನಲ್ಲಿ ಓದಿದ. ಇಬ್ಬರೂ ಅಜ್ಜಿಯ ಜೊತೆ ಅಚ್ಚಕನ್ನಡದಲ್ಲಿ ಮಾತಾಡುತ್ತಾರೆ. ಕಿಟಾದಲ್ಲಿ ಬೆಳೆದ ಮಕ್ಕಳು ಮಾತಾಡ್ತಾವಾ? ನಾಲ್ಕು ಕಾಸಿನ ಆಸೆಗೆ ಎರಡೂವರೆ ವರ್ಷದ ಮಗುವನ್ನು ಬೇರೆಯವರ ಕೈಗೆ ಕೊಟ್ಟು, ಹದಿನೈದು ವರ್ಷವಾದ ಮೇಲೆ “ಮಗ ನನ್ನ ಜೊತೆ ಮಾತೇ ಆಡಲ್ಲ” ಅಂತ ಇದೇ ಗುಂಪಿನಲ್ಲಿ ಅತ್ತವರನ್ನು ನೋಡಿದ್ದೇನೆ. ಗಂಡ ದುಡಿಯುತ್ತಿದ್ದಾನೆ, ಕೇಳಿದ್ದು ಕೊಡುತ್ತಿದ್ದಾನೆ. ಚಿಂತೆ ಎಲ್ಲಿಂದ ಬಂತು? ಕೈ ತುಂಬ ಕೆಲಸವಿದ್ದರೆ ರಾತ್ರಿ ನಿದ್ದೆ ಬರುತ್ತೆ.

ಕೋಲಾರದ ಚಿನ್ನ

ಶುರುವಾಯಿತು.

ಮಂಡ್ಯದ ಸೊಸೆ (ಡ್ಯುಸೆಲ್ಡಾರ್ಫ್)

ರಾಯರೇ, ನನ್ನ ಇಬ್ಬರು ಮಕ್ಕಳೂ ಒಂದು ವರ್ಷಕ್ಕೇ ಕಿಟಾಗೆ ಹೋದವರು. ಈಗಲೂ ಮನೆಯಲ್ಲಿ ಕನ್ನಡವೇ. ಸಣ್ಣವಳು ನಿನ್ನೆ ಮುದ್ದೆ ನುಂಗುವುದು ಹೇಗೆ ಅಂತ ಅವಳ ಜರ್ಮನ್ ಗೆಳತಿಗೆ ಹೇಳಿಕೊಡುತ್ತಿದ್ದಳು. ಅದು ಮನೆಯಲ್ಲಿ ಯಾರು ಮಾತಾಡುತ್ತಾರೆ ಅನ್ನುವುದರ ಮೇಲೆ ಹೋಗುತ್ತೆ, ಕಿಟಾ ಮೇಲೆ ಅಲ್ಲ. ಮಗುವಿನ ಜೊತೆ ಕನ್ನಡ ಮಾತಾಡುವುದು ಅಮ್ಮನ ಡ್ಯೂಟಿ ಮಾತ್ರವಾ?

ಫ್ರಾಂಕ್‌ಫರ್ಟ್ ರಾಯರು

ನಾನು ನಿಮ್ಮ ಬಗ್ಗೆ ಹೇಳಿಲ್ಲ. ಸಾಮಾನ್ಯವಾಗಿ ಹೇಳಿದೆ. ಅನುಮಾನವಿದ್ದರೆ ನಮ್ಮನೆಯವಳನ್ನೇ ಕೇಳಿ, ಒಂದು ದಿನವೂ ಪಶ್ಚಾತ್ತಾಪ ಪಟ್ಟವಳಲ್ಲ.

ಮಂಡ್ಯದ ಸೊಸೆ

ಕೇಳೋಣ. ಅವರು ಈ ಗುಂಪಿನಲ್ಲಿದ್ದಾರಾ?

ಫ್ರಾಂಕ್‌ಫರ್ಟ್ ರಾಯರು

ಇಲ್ಲ, ಅವಳಿಗೆ ಇದಕ್ಕೆಲ್ಲ ಪುರುಸೊತ್ತಿಲ್ಲ.

ಹುಬ್ಬಳ್ಳಿ ಅಕ್ಕ (ಎರ್ಲಾಂಗನ್)

ರಾಯರ ಮನೆಯವರ ಬಗ್ಗೆ ನನಗೆ ಗೊತ್ತಿಲ್ಲ. ನನ್ನ ಬಗ್ಗೆ ಹೇಳ್ತೀನಿ. ನಾನೂ ಹನ್ನೊಂದು ವರ್ಷ ಮನೆಯಲ್ಲಿದ್ದೆ. ಯಾರೂ ಒತ್ತಾಯ ಮಾಡಲಿಲ್ಲ. ಮಕ್ಕಳು ಚೆನ್ನಾಗಿದ್ದಾರೆ, ನಮ್ಮನೆಯವರು ದೇವರಂಥವರು. ಆಮೇಲೆ ಒಂದು ಬೇಕರಿಯಲ್ಲಿ ಮಿನಿಜಾಬ್ (ಕಡಿಮೆ ಸಂಬಳದ ಸಣ್ಣ ಕೆಲಸ) ಸೇರಿದೆ. ಸೇರುವಾಗ ಕೊಟ್ಟ ಫಾರಮ್ಮಿನಲ್ಲಿ “ಪೆನ್ಶನ್ ಕಡಿತ ಬೇಡ” ಅನ್ನುವ ಜಾಗದಲ್ಲಿ ಟಿಕ್ ಹಾಕಿದೆ. ತಿಂಗಳಿಗೆ ಹತ್ತು ಹದಿನೈದು ಯೂರೋ ಉಳಿಯುತ್ತೆ ಅಂತ.

ಈಗ ವರ್ಷಕ್ಕೊಮ್ಮೆ ರೆಂಟೆ (ಪೆನ್ಶನ್) ಆಫೀಸಿನಿಂದ ಕಾಗದ ಬರುತ್ತೆ. ನಮ್ಮಿಬ್ಬರದೂ ಒಂದೇ ದಿನ ಬಂತು ಈ ಸಲ. ಒಂದೇ ಥರದ ಕವರು. ಅಡುಗೆಮನೆ ಟೇಬಲ್ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದೆ. ಅವರದು ನಾಲ್ಕಂಕಿ. ನನ್ನದು ಮುನ್ನೂರ ಚಿಲ್ಲರೆ, ಅದರಲ್ಲೂ ಅರ್ಧಕ್ಕರ್ಧ ಮಕ್ಕಳನ್ನು ಸಾಕಿದ್ದಕ್ಕೆ ಸರ್ಕಾರ ಕೊಟ್ಟದ್ದು. ಕಾಗದ ಮಡಿಚಿ ಮಸಾಲೆ ಡಬ್ಬಿ ಕೆಳಗೆ ಇಟ್ಟೆ. ನಮ್ಮನೆಯವರು ಇವತ್ತಿನವರೆಗೂ ಯಾವುದಕ್ಕೂ ಇಲ್ಲ ಅಂದಿಲ್ಲ. ಆದರೆ ಕೇಳಬೇಕು. ಐವತ್ತೆರಡು ವರ್ಷಕ್ಕೂ ಕೇಳಬೇಕು.

ಶಿರಸಿ ಹುಡುಗ

ಮಿನಿಜಾಬ್ ಮಾಡಲೇಬಾರದು. ಬಿ2 ಮಾಡಿ ರೆಗ್ಯುಲರ್ ಕೆಲಸ ಹುಡುಕಬೇಕು.

ಹುಬ್ಬಳ್ಳಿ ಅಕ್ಕ

ತಮ್ಮಾ, ನಂದು ಬಿ2ಗಿಂತ ಮೇಲಿನ ಸಿ1 ಆಗಿದೆ.

ಜಯನಗರ 4ನೇ ಬ್ಲಾಕ್ (ಹ್ಯಾಂಬರ್ಗ್)

ಎಲ್ಲರೂ ಕೆಲಸಕ್ಕೆ ಹೋದರೆ ಚಿಂತೆ ಹೋಗುತ್ತೆ ಅನ್ನುವ ಹಾಗೆ ಮಾತಾಡ್ತಿದ್ದೀರಿ. ನಾನು ಫುಲ್‌ಟೈಮ್, ಟೀಮ್ ಲೀಡ್, ಮನೆ ಸಾಲ ನನ್ನ ಹೆಸರಿನಲ್ಲೂ ಇದೆ. ನನಗೂ ರಾತ್ರಿ ಮೂರಕ್ಕೇ ಎಚ್ಚರವಾಗೋದು. ನಮ್ಮ ಆಫೀಸಿನಲ್ಲಿ ಈ ವರ್ಷ ಎರಡು ಸಲ ಜನ ತೆಗೆದಿದ್ದಾರೆ. ಮಗಳಿಗೆ ಜ್ವರ ಬಂದರೆ ಮೊದಲು ನೋಡುವುದು ಥರ್ಮಾಮೀಟರ್ ಅಲ್ಲ, ಕ್ಯಾಲೆಂಡರ್. ಅರ್ಧ ದಿನದ ಕೆಲಸ ಕೇಳೋಣ ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ಧೈರ್ಯ ಬಂದಿಲ್ಲ. ನಿಮಗೆ 20 ಗಂಟೆಯದು ಸಿಕ್ಕಿದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು, ನಿಜ ಹೇಳಬೇಕೆಂದರೆ.

ಫ್ರಾಂಕ್‌ಫರ್ಟ್ ರಾಯರು

ನೋಡಿ, ಇದನ್ನೇ ನಾನು ಹೇಳಿದ್ದು. ಕೆಲಸಕ್ಕೆ ಹೋದವರಿಗೂ ನೆಮ್ಮದಿಯಿಲ್ಲ.

ಜಯನಗರ 4ನೇ ಬ್ಲಾಕ್

ನಾನು ಅದನ್ನು ಹೇಳಲಿಲ್ಲ ಸರ್.

ಮಂಡ್ಯದ ಸೊಸೆ

ರಾಯರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ.

ದಾವಣಗೆರೆ ಬೆಣ್ಣೆ (ನ್ಯೂರೆಂಬರ್ಗ್)

ಹಿರಿಯರಿಗೆ ಹೀಗೆ ಮಾತಾಡಬೇಡಿ. ಅವರು ಮಾಡಿದ ತ್ಯಾಗ ನಮಗೆ ಗೊತ್ತಿಲ್ಲ. ಈಗಿನವರಿಗೆ ಎಲ್ಲ ತಟ್ಟೆಯಲ್ಲಿ ಸಿಗುತ್ತೆ, ಆ್ಯಂಗ್ಸೈಟಿ ಅಂತ ಹೆಸರು ಕೊಟ್ಟುಕೊಂಡು ಕೂರ್ತಾರೆ. ನಮ್ಮಮ್ಮ ಐದು ಜನರನ್ನು ಸಾಕಿದಳು, ಅವಳಿಗೆ ಯಾವ ಆ್ಯಂಗ್ಸೈಟಿ ಇತ್ತು?

ಮಂಡ್ಯದ ಸೊಸೆ

ನಿಮ್ಮಮ್ಮನನ್ನು ಯಾರಾದರೂ ಕೇಳಿದ್ದರಾ?

(ಇದರ ಕೆಳಗೆ ಇಪ್ಪತ್ತಾರು ಪ್ರತಿಕ್ರಿಯೆಗಳು. ಅಡ್ಮಿನ್ ಅಳಿಸಿದ್ದಾರೆ.)

ಅಡ್ಮಿನ್

ದಯವಿಟ್ಟು ಯಾರ ತಾಯಿಯ ವಿಷಯಕ್ಕೂ ಹೋಗಬೇಡಿ. ರಾಜ್ಯೋತ್ಸವದ ಊಟಕ್ಕೆ ಹೆಸರು ಕೊಡಲು ಶುಕ್ರವಾರ ಕೊನೆಯ ದಿನ.

ಕುಡ್ಲದ ನರ್ಸ್

ನೈಟ್ ಶಿಫ್ಟ್ ಮುಗಿಸಿ ಈಗ ನೋಡಿದೆ. ಕೆಲಸದ ಲೆಕ್ಕ ನನಗೆ ಬರುವುದಿಲ್ಲ. ಆದರೆ ಮೂರು ಗಂಟೆಗೆ ಎದೆ ಡವಡವ ಅನ್ನುವುದನ್ನು ಯಾರೂ ಹಿಡಿದುಕೊಳ್ಳಲಿಲ್ಲವಲ್ಲ. ತಂಗಿ, ಮೊದಲು ನಿಮ್ಮ ಹೌಸ್‌ಆರ್ಟ್ಸ್ಟ್ (ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಿ, ಇಲ್ಲಿ ಬರೆದದ್ದನ್ನೇ ಹೇಳಿ. ಥೈರಾಯ್ಡು, ರಕ್ತ ಎಲ್ಲ ಒಮ್ಮೆ ನೋಡಲಿ. ಮನಸ್ಸಿನ ಡಾಕ್ಟರ ಬಳಿ ಮೊದಲ ಭೇಟಿ ಬೇಕೆಂದರೆ 116117ಕ್ಕೆ ಫೋನ್ ಮಾಡಿ, ಅವರೇ ದಿನ ಗೊತ್ತು ಮಾಡಿಕೊಡುತ್ತಾರೆ. ದುಡ್ಡು ಕೊಡುವುದು ಇನ್ಶೂರೆನ್ಸಿನವರು. ಚಿಕಿತ್ಸೆ ಶುರುವಾಗಲು ಕಾಯಬೇಕಾಗುತ್ತೆ, ಅದಕ್ಕೇ ಇವತ್ತೇ ಮಾಡಿ. ರಾತ್ರಿ ತಡೆಯಲಾಗದಿದ್ದರೆ 0800 111 0 111 ಹೆಲ್ಪ್‌ಲೈನ್ ಇದೆ. ದುಡ್ಡಿಲ್ಲ, ಹೆಸರು ಹೇಳಬೇಕಿಲ್ಲ. ತಾಯಿ ಮಗು ಇಬ್ಬರೂ ಮೂರು ವಾರ ಹೋಗಿ ಇರುವ ‘ಕೂರ್’ ಅಂತ ಒಂದಿದೆ, ದಿನಕ್ಕೆ 10 ಯೂರೋ ಮಾತ್ರ ನಿಮ್ಮ ಕೈಯಿಂದ. ಡಾಕ್ಟರು ಬರೆದುಕೊಡಬೇಕು. ನಮ್ಮವರು ಯಾರೂ ಕೇಳುವುದೇ ಇಲ್ಲ.

ಕೋಲಾರದ ಚಿನ್ನ

ನರ್ಸಮ್ಮ, ದಿನಕ್ಕೆ 10 ಯೂರೋಗೆ ಮೂರು ವಾರ ಅಂದರೆ ಅಪ್ಪಂದಿರಿಗೂ ಇದೆಯಾ? 😀

ಕುಡ್ಲದ ನರ್ಸ್

ಇದೆ ಮಾರಾಯ್ರೆ. ಮಗುವನ್ನು ಮಾತ್ರ ನೀವೇ ಕರಕೊಂಡು ಹೋಗಬೇಕು.

ಹೆಸರು ಬೇಡ (ಮ್ಯೂನಿಕ್ ಹತ್ತಿರ)

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ತೆರೆದು ನೋಡುವುದಕ್ಕೇ ಭಯವಾಗಿತ್ತು. ಹುಬ್ಬಳ್ಳಿ ಅಕ್ಕನ ಮಾತು ಓದಿ ಬಾತ್‌ರೂಮಿನಲ್ಲಿ ಕೂತು ಅತ್ತೆ. ಡಾಕ್ಟರ ಬಳಿ ಗುರುವಾರಕ್ಕೆ ಟೈಮ್ ತೆಗೆದುಕೊಂಡಿದ್ದೇನೆ.

ಕಿಟಾದಲ್ಲಿ ಮೊದಲ ಒಂದು ವಾರ ಮಗನ ಜೊತೆ ನಾನೂ ಅಲ್ಲೇ ಒಂದು ಪುಟ್ಟ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಆಮೇಲೆ ಟೀಚರ್ ಅರ್ಧ ಗಂಟೆ ಹೊರಗಿರಿ ಅಂದರು. ಅವನು ತಿರುಗಿ ಕೂಡ ನೋಡಲಿಲ್ಲ. ಹೊರಗೆ ಬಂದವಳಿಗೆ ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯಲಿಲ್ಲ. ಅದಕ್ಕೇ ರಾಯರ ಮಾತು ನನಗೆ ಅಷ್ಟು ಚುಚ್ಚಲಿಲ್ಲ.

ಸುಮ್ನೆ ಓದೋಳು ಅಕ್ಕ, ನೀವು ಬರೆದದ್ದು ಮೇಲೆಲ್ಲೋ ಹೋಗಿಬಿಟ್ಟಿತ್ತು, ಹುಡುಕಿ ಮತ್ತೆ ಓದಿದೆ. ಇವರಿಗೆ ತೋರಿಸಿದೆ. “ನಮ್ಮ ಟ್ಯಾಕ್ಸ್‌ನವನು 3/5 ಲಾಭ ಅಂದಿದ್ದಾನೆ, ನೋಡೋಣ” ಅಂದರು. ಬದಲಾಯಿಸಬೇಕಾದರೆ ಇಬ್ಬರ ಸಹಿಯೂ ಬೇಕಾ? ಬೆಂಗಳೂರಿನ ಪಿಎಫ್ ತೆಗೆದು ಅಪ್ಪನಿಗೆ ಕೊಡಲಾ ಅಂತಲೂ ಒಂದು ಯೋಚನೆ ಇದೆ.

ಸುಮ್ನೆ ಓದೋಳು

3/5ರಿಂದ 4/4ಕ್ಕೆ ಬರಲು ಇಬ್ಬರ ಸಹಿ ಬೇಡ. ಒಬ್ಬರು ಕೇಳಿದರೂ ಫಿನಾನ್ಸ್‌ಆಮ್ಟ್‌ನವರು (ತೆರಿಗೆ ಕಚೇರಿ) ಮಾಡಿಕೊಡಬೇಕು. 3/5ಕ್ಕೆ ಹೋಗಲು ಮಾತ್ರ ಇಬ್ಬರೂ ಬೇಕು. ಈ ವರ್ಷಕ್ಕೆ ಆಗಬೇಕಾದರೆ ನವೆಂಬರ್ 30ರೊಳಗೆ ಅರ್ಜಿ ಹಾಕಿ, ಮುಂದಿನ ತಿಂಗಳಿನಿಂದ ಜಾರಿ. ಆದರೆ ಮನೆಯಲ್ಲಿ ಹೇಳಿಯೇ ಮಾಡಿ. ಅವರ ಸಂಬಳ ಕಡಿಮೆ ಬಂದಾಗ ಹೇಗೂ ಗೊತ್ತಾಗುತ್ತೆ, ಆಗ ಜಗಳ ಬೇರೆ.

ಪಿಎಫ್ ಮುಟ್ಟುವ ಮೊದಲು ರೆಂಟೆ ಆಫೀಸಿನಲ್ಲಿ ಕೇಳಿ. ಇಂಡಿಯಾ–ಜರ್ಮನಿ ಒಪ್ಪಂದ 2017ರ ಮೇ 1ರಿಂದ ಇದೆ. ಇಲ್ಲಿ ಪೆನ್ಶನ್ ಸಿಗಲು ಐದು ವರ್ಷ ಬೇಕು, ಅಲ್ಲಿನ ವರ್ಷಗಳನ್ನೂ ಅದಕ್ಕೆ ಸೇರಿಸಿಕೊಳ್ಳುತ್ತಾರೆ. ಮಗ ಇಲ್ಲೇ ಹುಟ್ಟಿದ್ದರಿಂದ ಅವನ ಮೊದಲ ಮೂರು ವರ್ಷ ನಿಮ್ಮ ಖಾತೆಗೆ ಬರುತ್ತೆ. 2025ರ ಜುಲೈ ದರದಲ್ಲಿ ಅದೇ ತಿಂಗಳಿಗೆ 122 ಯೂರೋ ಪೆನ್ಶನ್. ಆದರೆ ತಾನಾಗಿ ಬರಲ್ಲ, ಫಾರಂ ತುಂಬಬೇಕು.

ಶಿರಸಿ ಹುಡುಗ

ಫಾರಂ ಎಲ್ಲ ಜರ್ಮನ್‌ನಲ್ಲೇ ಇರುತ್ತೆ. ಅದಕ್ಕೇ ನಾನು ಮೊದಲಿನಿಂದ ಹೇಳ್ತಿರೋದು.

ಹೆಸರು ಬೇಡ (ಮ್ಯೂನಿಕ್ ಹತ್ತಿರ)

ಹೇಳಿಯೇ ಮಾಡ್ತೀನಿ ಅಕ್ಕ. ನಾಳೆ ಭಾನುವಾರ, ಮಗ ಮಲಗಿದ ಮೇಲೆ ಮಾತಾಡ್ತೀನಿ. ತೆರಿಗೆ ಕಚೇರಿಯ ವೆಬ್‌ಸೈಟ್ ಎಲ್ಸ್ಟರ್‌ನ ಲಾಗಿನ್ ಇವರ ಹತ್ತಿರ ಮಾತ್ರ ಇತ್ತು, ಇವತ್ತು ನನ್ನದೇ ಒಂದು ಮಾಡಿಕೊಂಡೆ. ಕೋಡ್ ಅಂಚೆಯಲ್ಲಿ ಬರುತ್ತಂತೆ. ಪೋಸ್ಟ್ ಡಬ್ಬಿಯ ಕೀ ನನ್ನ ಹತ್ತಿರವೇ ಇರೋದು.