ಅಪ್‌ಡೇಟ್: ರಾಯಚೂರಿನ ಬಾಡಿಗೆ ಮನೆಗೆ ಮಂಚ, ಕೂಲರ್

ಮೊದಲ ಮನೆಗೆ ಕಡಿಮೆ ದುಡ್ಡಿನಲ್ಲಿ ಯಾವ ಮಂಚ, ಯಾವ ಕೂಲರ್ ಎಂದು ಕೇಳಿದ್ದೆ. ಎರಡೂ ಬಂದವು.

ಮಂಚ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಮೊದಲು ಹಾಸಿಗೆ ಕೊಂಡು, ಅದರ 75×48 ಇಂಚಿಗೆ ಅರ್ಧ ಇಂಚು ಸೇರಿಸಿ ಅಳತೆ ಕೊಟ್ಟೆ. ಒಂದೂವರೆ ಇಂಚಿನ ಚೌಕ ಪೈಪ್, ತಗಡಿನ ದಪ್ಪ 16 ಗೇಜ್. ಇನ್ನೂ ತೆಳ್ಳಗಿನದು ಅಗ್ಗ, ಆದರೆ ವೆಲ್ಡ್ ಮಾಡುವಾಗಲೇ ತೂತು ಬೀಳುತ್ತದೆ. ಮೇಲೆ 12 ಮಿ.ಮೀ. ಪ್ಲೈವುಡ್, ಕೆಳಗೆ ಅಡಿಗೊಂದು ಅಡ್ಡಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನಡುವೆ ಕುಸಿಯುತ್ತದೆ. ತುಕ್ಕು ತಡೆಯಲು ಮೊದಲು ಬಳಿಯುವ ರೆಡ್ ಆಕ್ಸೈಡ್ ಪೂರ್ತಿ ಒಣಗಿದ ಮೇಲೆಯೇ ಬಣ್ಣ. ಕಾಲಿನ ತುದಿ ಮುಚ್ಚುವ ರಬ್ಬರ್ ಬುಶ್ ಮರೆಯಬೇಡಿ, ಇಲ್ಲದಿದ್ದರೆ ನೆಲ ಒರೆಸಿದ ನೀರು ಪೈಪಿನೊಳಗೆ ಹೋಗಿ ತುಕ್ಕು ಹಿಡಿಯುತ್ತದೆ.

ಕೂಲರ್ ಕಿಟಕಿಯ ಹೊರಗೆ, ಎದುರು ಬಾಗಿಲು ಅರೆ ತೆರೆದು. ಗಾಳಿಗೆ ದಾರಿಯಿಲ್ಲದಿದ್ದರೆ ಬರೀ ಜಿಗುಟು. ಬೋರ್ ನೀರಾದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು.

ಸೋಫಾ ಸದ್ಯಕ್ಕಿಲ್ಲ.