ಚಕ್ಲಿ ಮಾಡಿ ಮಾರೋಣ ಅಂತಿದ್ದೇನೆ, ಶುರು ಮಾಡಲಾ?

ಈ ವಾರದ ಪ್ರಶ್ನೋತ್ತರ, ನವೆಂಬರ್ 2025. ಉತ್ತರಿಸುತ್ತಿರುವವರು ಬ್ಯಾಂಕಿನಲ್ಲಿ ಬಹುಕಾಲ ಸಣ್ಣ ಸಾಲಗಳನ್ನೇ ನೋಡಿಕೊಂಡು ನಿವೃತ್ತರಾದ ಮ್ಯಾನೇಜರ್.

ಪ್ರಶ್ನೆ (ಹಾಸನದಿಂದ)

ನಮಸ್ಕಾರ ಸರ್. ನಾನು ಗೃಹಿಣಿ. ಮಗಳು ಹಾಸ್ಟೆಲ್ ಸೇರಿದ ಮೇಲೆ ಮಧ್ಯಾಹ್ನವೆಲ್ಲ ಬಿಡುವು. ನನ್ನ ಬೆಣ್ಣೆ ಚಕ್ಲಿ, ಹುಳಿಪುಡಿ ಅಂದ್ರೆ ಎಲ್ಲರಿಗೂ ಇಷ್ಟ. ಈ ದೀಪಾವಳಿಗೆ ನೆಂಟರು, ಅಕ್ಕಪಕ್ಕದವರು ಸೇರಿ 14 ಕೆಜಿ ಚಕ್ಲಿ ತೆಗೆದುಕೊಂಡರು. ಕೆಜಿಗೆ ಸಾಮಾನಿನ ಖರ್ಚು 150 ರೂಪಾಯಿ. 320ಕ್ಕೆ ಕೊಟ್ಟೆ. ಅಂದರೆ ಕೆಜಿಗೆ 170 ಲಾಭ. ಮುದ್ರಾ ಸಾಲ 3 ಲಕ್ಷ ತೆಗೆದು ಚಕ್ಲಿ ಒತ್ತುವ ಮಷೀನ್, ಪುಡಿ ಮಾಡುವ ಮಷೀನ್ ಹಾಕೋಣ ಅಂತಿದ್ದೇನೆ. ನಮ್ಮ ಯಜಮಾನರು ಮಾತ್ರ ‘ಫೋನ್‌ಪೇಯಲ್ಲಿ ದುಡ್ಡು ತಗೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತೆ’ ಅಂತ ಹೆದರಿಸುತ್ತಾರೆ. ನಮ್ಮದು ಬಾಡಿಗೆ ಮನೆ. ಶುರು ಮಾಡಲಾ?

ಉತ್ತರ

ನಮಸ್ಕಾರ ಮೇಡಂ. ವ್ಯಾಪಾರ ಶುರು ಮಾಡಿ. ಸಾಲ ಬೇಡ, ಈಗಲೇ ಬೇಡ. ಯಾಕೆ ಅಂತ ಹೇಳ್ತೀನಿ.

ಮೊದಲು ಆ 170 ರೂಪಾಯಿ ಲಾಭವನ್ನು ಸ್ವಲ್ಪ ಕೆದಕೋಣ. ಐದು ಕೆಜಿ ಚಕ್ಲಿಗೆ ಹಿಟ್ಟು ಮಾಡಿಸಿ, ಕಲಸಿ, ಒತ್ತಿ, ಕರಿದು, ಆರಿಸಿ, ಪ್ಯಾಕ್ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಸದ್ಯಕ್ಕೆ ಆರು ಗಂಟೆ ಅಂದುಕೊಳ್ಳೋಣ. ಗಂಟೆಗೆ 80 ರೂಪಾಯಿ ಕೂಲಿ ಹಿಡಿದರೆ 480. ಕೆಜಿಗೆ 96 ಆಯಿತು. ಗ್ಯಾಸ್ ಕೆಜಿಗೆ 18 ಹಾಕಿ. 200 ಗ್ರಾಂ ಪೊಟ್ಟಣ ಮಾಡಿದರೆ ಕೆಜಿಗೆ ಐದು ಕವರ್, ಐದು ಲೇಬಲ್, ಅದಕ್ಕೆ 27. ಮುರಿದ ಚಕ್ಲಿಯನ್ನು ಮನೆಯವರೇ ತಿನ್ನುತ್ತೀರಿ, ಅದಕ್ಕೆ 8. ತಲುಪಿಸುವ ಆಟೋ, ಪೆಟ್ರೋಲ್ 10. ಸಾಮಾನಿನ 150 ಸೇರಿಸಿದರೆ ಒಟ್ಟು 309. ನೀವು ಮಾರಿದ್ದು 320ಕ್ಕೆ. ಉಳಿದದ್ದು 11 ರೂಪಾಯಿ.

ಇದನ್ನೇ ಅಂಗಡಿಗೆ ಕೊಟ್ಟರೆ? ಅಂಗಡಿಯವರು ಎಂಆರ್‌ಪಿಯಲ್ಲಿ ನೂರಕ್ಕೆ 20 ಕೇಳಿದರು ಅಂತಿಟ್ಟುಕೊಳ್ಳಿ, 64 ರೂಪಾಯಿ ಅವರಿಗೆ ಹೋಯಿತು. ಒಂದೊಂದು ಕೆಜಿಗೂ 53 ರೂಪಾಯಿ ಕೈಯಿಂದ ಹಾಕಿದ ಹಾಗೆ. ಮಾರಿಹೋಗದ ಮಾಲು ವಾಪಸ್ ಬಂದರೆ ಅದು ಬೇರೆ.

ಈಗ ಸಾಲ ನೋಡಿ. 3 ಲಕ್ಷಕ್ಕೆ 11% ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು 6,500ರ ಆಸುಪಾಸು. ತಿಂಗಳಿಗೆ 40 ಕೆಜಿ ಮಾರಿದರೂ ನಿಮ್ಮ ಕೂಲಿ 3,840, ಲಾಭ 440. ಎರಡೂ ಸೇರಿಸಿ ಕೊಟ್ಟರೂ ಕಂತು ಕಟ್ಟಲು ಸಾಲುವುದಿಲ್ಲ. ಮಷೀನು ಒತ್ತುವ ಸಮಯ ಉಳಿಸುತ್ತೆ, ಸರಿ. ಕರಿಯುವವರು, ಆರಿಸುವವರು, ಗಿರಾಕಿಗೆ ಫೋನ್ ಮಾಡುವವರು ನೀವೇ ಅಲ್ವಾ?

ನಾನು ಶಾಖೆಯಲ್ಲಿದ್ದಾಗ ಒಬ್ಬರಿಗೆ ಪುಡಿ ಮಷೀನಿಗೆ ಸಾಲ ಕೊಟ್ಟಿದ್ದೆ. ಎಂಟು ತಿಂಗಳ ಮೇಲೆ ಮನೆಗೆ ಹೋಗಿ ನೋಡಿದರೆ ಮಷೀನಿನ ಮೇಲೆ ಟವೆಲ್ ಒಣಗುತ್ತಿತ್ತು. ಪುಡಿಯ ರುಚಿಯಲ್ಲಿ ಏನೂ ದೋಷ ಇರಲಿಲ್ಲ. ತೆಗೆದುಕೊಳ್ಳುವವರು ಇದ್ದಾರಾ ಅಂತ ಅವರೂ ನೋಡಿರಲಿಲ್ಲ, ಸಹಿ ಹಾಕಿದ ನಾನೂ ಕೇಳಿರಲಿಲ್ಲ.

ನಿಮ್ಮ 14 ಕೆಜಿಯಲ್ಲಿ ಸಂಬಂಧಿಕರು, ಪಕ್ಕದ ಮನೆಯವರನ್ನು ಬಿಟ್ಟು ಎಷ್ಟು ಕೆಜಿ ಹೋಯಿತು? ಹಬ್ಬ ಮುಗಿದ ಮೇಲೆ ಎಷ್ಟು ಜನ ಮತ್ತೆ ಕೇಳಿದರು? ಹಬ್ಬದ ಚಕ್ಲಿ ಹೇಗಿದ್ದರೂ ಹೋಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಗುರುತಿಲ್ಲದವರು ಎರಡನೇ ಸಲ ಕೇಳಿದರೆ ಅದನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ ಹೋಗುವಾಗ ಆ ನೋಟ್‌ಬುಕ್ಕೇ ನಿಮ್ಮ ಪ್ರಾಜೆಕ್ಟ್ ರಿಪೋರ್ಟ್.

ನನ್ನ ಮಾತು ಕೇಳುವುದಾದರೆ ಚಕ್ಲಿಯನ್ನು ಅಂಗಡಿಗೆ ಕೊಡಲೇಬೇಡಿ. 400ಕ್ಕೆ ನೇರವಾಗಿ, ಆರ್ಡರ್ ಬಂದಷ್ಟೇ ಮಾಡಿ. ಅಂಗಡಿಗೆ ಹುಳಿಪುಡಿ ವಾಸಿ. ಹುರಿದು ಮಿಲ್ಲಿಗೆ ಕೊಟ್ಟರೆ ನಿಮ್ಮ ಕೈಗೆಲಸ ಅರ್ಧ. ಮುರಿಯುವುದಿಲ್ಲ, ಎಣ್ಣೆಯ ಕಾಟ ಇಲ್ಲ, ಜಾಸ್ತಿ ದಿನ ಇರುತ್ತದೆ. ಆದರೆ ಅಲ್ಲಿ ಎಂಟಿಆರ್ ಪೊಟ್ಟಣದ ಪಕ್ಕದಲ್ಲಿ ನಿಮ್ಮದು ಕೂರಬೇಕು. ಅದಕ್ಕೆ ನಿಮ್ಮದೇ ಒಂದು ರುಚಿ ಇರಲಿ. ಸುಮ್ನೆ ‘ಮನೆ ರುಚಿ’ ಅಂತ ಬರೆದರೆ ಯಾರೂ ತಿರುಗಿ ನೋಡಲ್ಲ.

ಇನ್ನು ಕಾಗದಪತ್ರ. ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ ಶುಲ್ಕ. ಮನೆಯಲ್ಲಿ ಮಾಡಿದರೂ ಇದು ಬೇಕು. ಅದರದೇ ಫೋಸ್ಕೋಸ್ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಬರುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೂ ಸಾವಿರಾರು ರೂಪಾಯಿ ಕೇಳುವ ಜಾಲತಾಣಗಳಿವೆ, ಬೀಳಬೇಡಿ. ಬಾಡಿಗೆ ಮನೆ ಅಂದಿರಿ, ಮಾಲೀಕರಿಗೆ ಈಗಲೇ ಹೇಳಿ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಮೆಣಸಿನಕಾಯಿ ಹುರಿಯುವ ಘಾಟಿಗೆ ಮಹಡಿಯವರು ಕೆಮ್ಮಲು ಶುರು ಮಾಡಿದ ಮೇಲೆ ಹೇಳಿದರೆ ಕೆಲಸ ಕೆಡುತ್ತೆ.

ಗ್ಯಾಸಿಗೆ 14.2 ಕೆಜಿಯ ಮನೆ ಸಿಲಿಂಡರ್ ಬಳಸುವ ಹಾಗಿಲ್ಲ. ವ್ಯಾಪಾರಕ್ಕೆ ವಾಣಿಜ್ಯ ಸಿಲಿಂಡರೇ ಆಗಬೇಕು, ಸಾಮಾನ್ಯವಾಗಿ 19 ಕೆಜಿಯದು. ನಾನು 18 ರೂಪಾಯಿ ಹಿಡಿದದ್ದು ಅದಕ್ಕೇ. ಗೃಹಜ್ಯೋತಿಯ ಉಚಿತ ಕರೆಂಟ್ ಕೂಡ ಮನೆ ಬಳಕೆಗೆ ಮಾತ್ರ. ದೊಡ್ಡ ಮಷೀನ್ ಕೂರಿಸುವ ದಿನ ಬಂದರೆ ಮೊದಲು ಕರೆಂಟ್ ಕಂಪನಿ ಸೆಸ್ಕ್ ಕಚೇರಿಗೆ ಹೋಗಿ ಕೇಳಿ.

ಜಿಎಸ್‌ಟಿ ವಿಷಯ. ಯಜಮಾನರ ಭಯಕ್ಕೆ ಕಾರಣ ಇದೆ. ಈ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ದರು. ಆದರೆ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಫೋನ್‌ಪೇಯಲ್ಲಿ ತಗೊಂಡರೂ ಅಷ್ಟೇ, ಕ್ಯಾಶ್ ತಗೊಂಡರೂ ಅಷ್ಟೇ. ತಿಂಗಳಿಗೆ 40 ಕೆಜಿ ಚಕ್ಲಿ ಮಾರಿ ನೀವು ಆ ಗಡಿ ಮುಟ್ಟಲ್ಲ. ಒಂದು ಮಾಡಿ: ವ್ಯಾಪಾರಕ್ಕೇ ಅಂತ ಬೇರೆ ಖಾತೆ ತೆರೆದು ಅದರ ಕ್ಯೂಆರ್ ಮಾತ್ರ ತೋರಿಸಿ. ಚೀಟಿ ದುಡ್ಡು, ತಮ್ಮ ಕಳಿಸಿದ ಕೈಸಾಲ, ಚಕ್ಲಿ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ಆಮೇಲೆ ಬಿಡಿಸಿ ತೋರಿಸುವುದು ಕಷ್ಟ.

ಇನ್ನೊಬ್ಬ ಸದಸ್ಯರು (ದಾವಣಗೆರೆ)

ಸರ್, ನನ್ನದೊಂದು ತಕರಾರು. ಮನೆಯವರ ಕೂಲಿಯನ್ನೆಲ್ಲ ಲೆಕ್ಕ ಹಾಕುತ್ತಾ ಕೂತರೆ ಯಾರೂ ಏನೂ ಶುರು ಮಾಡಲ್ಲ. ನಮ್ಮಮ್ಮ ರೊಟ್ಟಿ ತಟ್ಟಿ ಮಾರಿಯೇ ನಮ್ಮನ್ನು ಓದಿಸಿದ್ದು. ಒಂದು ದಿನವೂ ಕೂಲಿ ಲೆಕ್ಕ ಬರೆಯಲಿಲ್ಲ.

ಉತ್ತರ

ನಿಮ್ಮಮ್ಮನಿಗೆ ನಮಸ್ಕಾರ. ಅವರು ಲಾಭ ಅಂದುಕೊಂಡು ತಂದದ್ದು ಅವರ ಕೂಲಿಯೇ, ಅದರಲ್ಲಿ ತಪ್ಪೇನೂ ಇಲ್ಲ. ಶುರುವಿನ ಮೂರು ತಿಂಗಳು ಕೂಲಿ ಬಿಟ್ಟುಕೊಡಿ ಅಂತ ನಾನೂ ಹೇಳ್ತೀನಿ. ಆದರೆ ಬಿಟ್ಟುಕೊಡುತ್ತಿರುವುದು ಎಷ್ಟು ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಆರ್ಡರ್ ಜಾಸ್ತಿಯಾಗಿ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡ ದಿನವೇ ನಷ್ಟ ಶುರುವಾಗುತ್ತೆ. ವ್ಯಾಪಾರ ಬೆಳೆಯಿತು, ದುಡ್ಡು ಎಲ್ಲಿ ಹೋಯಿತು ಅಂತ ಬ್ಯಾಂಕಿಗೆ ಬಂದು ಕೇಳಿದವರು ಬಹಳ ಜನ.

ಪ್ರಶ್ನೆ (ಮೈಸೂರಿನಿಂದ)

ನಾನೂ ಇದನ್ನೇ ಮಾಡುತ್ತಿದ್ದೇನೆ ಸರ್. ಚೆನ್ನೈ, ಪುಣೆಯಿಂದ ಕೊರಿಯರ್ ಕಳಿಸಿ ಅಂತ ಕೇಳುತ್ತಾರೆ. ತೊಂದರೆ ಇಲ್ಲವಾ? ಮತ್ತೆ, ಪೊಟ್ಟಣದ ಮೇಲೆ ‘ಎಷ್ಟು ದಿನ ಇಡಬಹುದು’ ಅಂತ ಅಂದಾಜಲ್ಲೇ ಬರೆದಿದ್ದೇನೆ.

ಉತ್ತರ

ಇಲ್ಲಿ ಎಡವುವವರು ಜಾಸ್ತಿ. 40 ಲಕ್ಷದ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಚಕ್ಲಿ ಮೇಲೆ ಸೆಪ್ಟೆಂಬರ್ 22ರಿಂದ 5% ತೆರಿಗೆ. ಹಪ್ಪಳಕ್ಕೆ ತೆರಿಗೆ ಇಲ್ಲ, ಅದರ ಮಾತು ಬೇರೆ. ಸದ್ಯಕ್ಕೆ ಕರ್ನಾಟಕದೊಳಗೇ ಮಾರಿ.

ಎಷ್ಟು ದಿನ ಇರುತ್ತೆ ಅನ್ನುವುದನ್ನು ದಯವಿಟ್ಟು ಅಂದಾಜಲ್ಲಿ ಬರೆಯಬೇಡಿ. ಒಂದೇ ದಿನ ಮಾಡಿದ ಹತ್ತು ಪೊಟ್ಟಣ ತೆಗೆದಿಡಿ. ಡಬ್ಬಿಯಲ್ಲಿ ಬೇಡ, ಅಂಗಡಿಯಲ್ಲಿ ಹೇಗೆ ಬೆಳಕಿಗೆ ನೇತಾಡುತ್ತೋ ಹಾಗೇ. ವಾರಕ್ಕೊಂದು ಒಡೆದು ಮೂಸಿ, ತಿಂದು ನೋಡಿ. ಕಮಟು ವಾಸನೆ ಯಾವ ವಾರ ಬಂತೋ ಅದಕ್ಕಿಂತ ಸಾಕಷ್ಟು ಹಿಂದಿನ ದಿನ ನಿಮ್ಮ ಗಡುವು. ನಿನ್ನೆ ಕಾಸಿದ ಎಣ್ಣೆಯನ್ನೇ ಮತ್ತೆ ಬಾಣಲೆಗೆ ಸುರಿದರೆ ಆ ವಾಸನೆ ಬೇಗ ಬರುತ್ತೆ. ನೀವು ಮೈಸೂರಿನವರು, ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಿಮ್ಮೂರಲ್ಲೇ ಇದೆ. ಆಹಾರ ತಯಾರಿಕೆಯ ತರಬೇತಿ ಕೊಡುತ್ತಾರೆ, ಹೋಗಿ ವಿಚಾರಿಸಿ. ಕರಾವಳಿ ಕಡೆಯವರಿಗೆ ಉಜಿರೆಯ ರುಡ್‌ಸೆಟ್ ಇದೆ. 1982ರಿಂದ ನಡೀತಿದೆ, ಊಟ ವಸತಿ ಸಮೇತ ಉಚಿತ ತರಬೇತಿ.

ಹಾಸನದವರು ಮತ್ತೆ

ಸರ್, ಪಿಎಂಎಫ್‌ಎಂಇ ಅನ್ನುವ, ಸಣ್ಣ ಆಹಾರ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ ಅರ್ಧ ಸಬ್ಸಿಡಿ ಸಿಗುತ್ತೆ ಅಂತ ನಮ್ಮ ಸಂಘದಲ್ಲಿ ಹೇಳಿದರು. ಹಾಗಿದ್ದರೂ ಸಾಲ ಬೇಡವಾ?

ಉತ್ತರ

ಯೋಜನೆ ಚೆನ್ನಾಗಿದೆ. ಯೋಜನೆಯಡಿ 35%, ಅದರ ಮೇಲೆ ನಮ್ಮ ರಾಜ್ಯದ್ದು ಹೆಚ್ಚುವರಿ 15%. ಕರ್ನಾಟಕದಲ್ಲಿ ಕೆಪೆಕ್ ಎಂಬ ರಾಜ್ಯ ಸರ್ಕಾರದ ನಿಗಮದ ಮೂಲಕ ನಡೆಯುತ್ತದೆ. ಆದರೆ ಇದು ಸಾಲಕ್ಕೆ ಜೋಡಿಸಿದ ಸಬ್ಸಿಡಿ. ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆಯಾಗಿ ಇಟ್ಟಿರುತ್ತಾರೆ. ಮೂರು ವರ್ಷ ಖಾತೆ ಸರಿಯಾಗಿ ನಡೆದಿದ್ದರೆ ಸಾಲಕ್ಕೆ ಜಮೆ. ಅಲ್ಲಿಯವರೆಗೆ ಕಂತು ತಪ್ಪದೆ ಕಟ್ಟುವವರು ನೀವೇ. ಗಿರಾಕಿ ಇದ್ದು ಮಷೀನ್ ಬೇಕಾದವರಿಗೆ ಇದು ವರ. ಸಬ್ಸಿಡಿ ಸಿಗುತ್ತೆ ಅಂತ ಮಷೀನ್ ತರುವವರಿಗೆ ಅಲ್ಲ. ನಿಮ್ಮ ನೋಟ್‌ಬುಕ್ ಮೂರು ತಿಂಗಳು ತುಂಬಲಿ, ಆಮೇಲೆ ಅರ್ಜಿ ನಾನೇ ನೋಡಿ ತಿದ್ದಿಕೊಡ್ತೀನಿ.

ಹಾಸನದವರು (ನಾಲ್ಕು ದಿನದ ನಂತರ)

ಸರ್, ನಿನ್ನೆ ಗಡಿಯಾರ ಇಟ್ಟುಕೊಂಡೇ ಐದು ಕೆಜಿ ಮಾಡಿದೆ. ಆರು ಗಂಟೆ ಅಲ್ಲ, ಏಳೂವರೆ ಗಂಟೆ ಆಯಿತು. ಪಾತ್ರೆ ತೊಳೆದದ್ದು ಸೇರಿ. ಅಂದರೆ ಕೂಲಿಯೇ ಕೆಜಿಗೆ 120. 320ಕ್ಕೆ ಕೊಟ್ಟರೆ 13 ರೂಪಾಯಿ ನಷ್ಟ ಅಂತ ಆಯಿತಲ್ಲ. ದೀಪಾವಳಿಗೆ ತಗೊಂಡಿದ್ದ ಒಂಬತ್ತು ಜನಕ್ಕೆ 400 ರೂಪಾಯಿ ಅಂತ ಮೆಸೇಜ್ ಹಾಕಿದೆ. ಇಬ್ಬರು ಸರಿ ಅಂದರು. ನಮ್ಮ ನಾದಿನಿ ‘ನಮಗೂ 400ಆ?’ ಅಂತ ಕೇಳಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ

ಮುರಿದ ಚಕ್ಲಿಗೆ 8 ರೂಪಾಯಿ ಹಿಡಿದಿದ್ದೆವಲ್ಲ, ಅದನ್ನು ನಾದಿನಿಗೆ ಕೊಡಿ. ಇಡೀ ಚಕ್ಲಿ 400.